ಐದು ಸೀಟಿನ ಕಾರು

ಕಾರು ಕೊಳ್ಳುವ ಮಾತು ಆ ಮನೆಯಲ್ಲಿ ಹುಟ್ಟಿದ್ದು ಅಜ್ಜಿಯ ಸೊಂಟದಿಂದ. ಬಚ್ಚಲಲ್ಲಿ ಜಾರಿ ಬಿದ್ದು, ಮೂಳೆ ಮುರಿದು, ಆಪರೇಷನ್ ಆಗಿ, ಅಜ್ಜಿ ನಾಲ್ಕು ಕಾಲಿನ ವಾಕರ್ ಹಿಡಿದುಕೊಂಡು ಮನೆಗೆ ವಾಪಸಾದಳು. ಬಸ್ಸಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಬಾಡಿಗೆ ಗಾಡಿಯವರು ದೂರದಿಂದಲೇ ವಾಕರ್ ನೋಡಿ, ನೋಡಿಯೇ ಇಲ್ಲ ಎಂಬಂತೆ ಮುಂದೆ ಹೋಗಿಬಿಡುತ್ತಿದ್ದರು. ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಮಾತ್ರ ವಾರ ವಾರ ಹೋಗಲೇಬೇಕಿತ್ತು.

"ನನ್ನನ್ನ ಒಂದು ಮೂಲೇಲಿ ಕೂರಿಸಿಬಿಡಿ, ನಿಮಗೂ ತಾಪತ್ರಯ ತಪ್ಪುತ್ತೆ," ಎಂದು ಅಜ್ಜಿ ಊಟಕ್ಕೆ ಕೂತಾಗಲೆಲ್ಲ ಹೇಳುವಳು. ದನಿ ಕೇಳಿದರೆ ಮೂಲೆಯಲ್ಲಿ ಕೂರುವ ಹೆಂಗಸಿನದು ಎಂದು ಯಾರೂ ನಂಬುವಂತಿರಲಿಲ್ಲ.

"ಮೂಲೆ ಯಾಕಮ್ಮ? ಒಂದು ಸಣ್ಣ ಕಾರು ತಗೊಂಡ್ರಾಯ್ತು. ಹಳೇದು ನೋಡೋಣ," ಎಂದ ಮಗ.

ಈ ಮಗ ಪರದೆ ಅಂಗಡಿಯಲ್ಲಿ ಅಳತೆ ತೆಗೆಯುವವನು. ಗಿರಾಕಿಗಳ ಮನೆಗೆ ಹೋಗಿ, ಸ್ಟೂಲು ಹತ್ತಿ, ಕಿಟಕಿ ಬಾಗಿಲುಗಳ ಉದ್ದಗಲ ಹಿಡಿದುಕೊಂಡು ಬರುವುದು ಅವನ ಕೆಲಸ. ಅಂಗಡಿಯ ಹುಡುಗರು ಅವನನ್ನು ಟೇಪಣ್ಣ ಎಂದು ಕರೆಯುತ್ತಿದ್ದರು. ಆ ಹೆಸರು ಬೀದಿಗೂ ಬಂದು, ಕೊನೆಗೆ ಮನೆಯೊಳಕ್ಕೂ ನುಗ್ಗಿತ್ತು. ತಾನು ಅಳೆದ ಪರದೆ ಇದುವರೆಗೆ ಒಂದು ಬೆರಳಿನಷ್ಟೂ ಗಿಡ್ಡ ಬಿದ್ದಿಲ್ಲ ಎಂಬುದು ಅವನ ಹೆಮ್ಮೆ. ಹೆಮ್ಮೆ ಪಡಬೇಕಾದದ್ದೇ. ಆದರೆ ಪರದೆ ಬಿಟ್ಟು ಬೇರೆ ವಿಷಯದಲ್ಲೂ ತನಗೆ ಅಳತೆ ತಪ್ಪುವುದಿಲ್ಲ ಎಂದು ಅವನು ನಂಬಿಕೊಂಡಿದ್ದ. ತೊಂದರೆ ಬಂದದ್ದು ಅಲ್ಲಿ.

ಅಂದು ಸಂಜೆಯೇ ಟೇಪು ಹಿಡಿದು ಮನೆ ಪಕ್ಕದ ಸಂದಿ ಅಳೆದ. ಗೇಟು ಅಳೆದ. ಅಜ್ಜಿಯ ವಾಕರ್ ಮಡಚಿಸಿ ಅದನ್ನೂ ಅಳೆದ. ಹೆಂಡತಿ ಅಡಿಗೆಮನೆ ಕಿಟಕಿಯಿಂದ ನೋಡಿ, "ನನ್ನನ್ನೂ ಒಂದು ಸಲ ಅಳೆದುಬಿಡಿ, ಕಾರಲ್ಲಿ ಹಿಡಿಸ್ತೀನೋ ಇಲ್ವೋ ಗೊತ್ತಾಗ್ಲಿ," ಎಂದಳು. ಅವಳು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು, ಬಂದವರ ಹೆಸರು ಬರೆದುಕೊಂಡು, ಒಳಗೆ ಕಳಿಸುವ ಕೆಲಸದಲ್ಲಿದ್ದಳು. ದಿನವಿಡೀ ನೋವಿನ ಮುಖಗಳನ್ನೇ ನೋಡುವವರಿಗೆ ನಾಲಿಗೆ ಸ್ವಲ್ಪ ಹರಿತವಾಗುತ್ತದೋ ಏನೋ.

ಮಕ್ಕಳಿಬ್ಬರು. ದೊಡ್ಡವಳು ಕಾಲೇಜು. ಹಿರಿಯರು ಹೇಳಿದ್ದನ್ನೆಲ್ಲ ತಿರುಗಿಸಿ ಕೇಳುವ ವಯಸ್ಸು. ಅವಳ ತಮ್ಮ ಹೈಸ್ಕೂಲಿನ ಕೊನೆಯಲ್ಲಿದ್ದ. ಒಂದೇ ವರ್ಷದಲ್ಲಿ ಬಾಗಿಲಿನ ಚೌಕಟ್ಟು ಮುಟ್ಟುವಷ್ಟು ಬೆಳೆದು ಲಂಬು ಎನಿಸಿಕೊಂಡಿದ್ದ. ಅವನ ಮೊಣಕಾಲುಗಳು ಯಾವಾಗಲೂ ಇನ್ನೊಬ್ಬರ ಜಾಗದಲ್ಲಿರುತ್ತಿದ್ದವು.

ಇನ್ನು ಅಕ್ಕ. ಟೇಪಣ್ಣನಿಗೆ ಸ್ವಂತ ಅಕ್ಕ, ಮಕ್ಕಳಿಗೆ ಅತ್ತೆ, ಹೆಂಡತಿಗೆ ಅತ್ತಿಗೆ. ಬೀದಿಯವರಿಗೂ ಕೆಲಸದ ಜಾಗದವರಿಗೂ ಬರೀ ಅಕ್ಕ. ಮದುವೆಯಾಗಲಿಲ್ಲ. ತಂದೆ ತೀರಿಕೊಂಡ ಮೇಲೆ ತಮ್ಮನನ್ನು ಓದಿಸುವ ಗಡಿಬಿಡಿಯಲ್ಲಿ ಆ ವಿಷಯ ಹಾಗೇ ಉಳಿದುಹೋಯಿತು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಅಂಗಿ ಎಲ್ಲ ಅವಳ ಕೈಮೇಲೇ ಮಡಿಕೆಯಾಗಿ ಹೋಗಬೇಕು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಟೀ ಮಾಡಿ, ಡಬ್ಬಿಗಳಿಗೆ ಊಟ ತುಂಬಿಸಿಟ್ಟು ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಅವಳು ಇರುವುದು ಗೊತ್ತಾಗುತ್ತಿದ್ದುದು ಅವಳಿಗೆ ಜ್ವರ ಬಂದಾಗ ಮಾತ್ರ.

ಹಲ್ಲಿನ ಡಾಕ್ಟರಿಗೆ ಪರಿಚಯದ ಮುದುಕ ದಂಪತಿ ತಮ್ಮ ಕಾರು ಮಾರುತ್ತಾರೆಂದು ಹೆಂಡತಿ ಸುದ್ದಿ ತಂದಳು. ಭಾನುವಾರ ಮನೆಮಂದಿಯೆಲ್ಲ ಬಾಡಿಗೆ ವ್ಯಾನು ಮಾಡಿಕೊಂಡು ಹೋದರು. ಬೂದು ಬಣ್ಣದ ಸಣ್ಣ ಕಾರು, ಹಿಂದಿನ ಬಂಪರಿನ ಮೇಲೆ ಒಂದು ಗೀರು, ಒಳಗೆ ನುಸಿಗುಳಿಗೆಯ ವಾಸನೆ. ಟೇಪಣ್ಣ ಕರೆದುಕೊಂಡು ಹೋಗಿದ್ದ ಮೆಕ್ಯಾನಿಕ್ ಬಾನೆಟ್ ಎತ್ತಿ ಎಂಜಿನ್ನಿಗೆ ಕಿವಿಗೊಟ್ಟ, ಕಾಲಡಿಯ ಮ್ಯಾಟು ಎತ್ತಿ ತುಕ್ಕು ಹುಡುಕಿದ, ಬಗ್ಗಿ ಟೈರು ಸವರಿದ. "ಪರವಾಗಿಲ್ಲ. ವಯಸ್ಸಾದವರು ಓಡಿಸಿದ ಗಾಡಿ, ಜಾಸ್ತಿ ಹಿಂಸೆ ಆಗಿಲ್ಲ," ಎಂದ.

"ಎಲ್ಲರೂ ಕೂತು ನೋಡ್ಬಿಡಿ," ಎಂದರು ಮಾರುವ ಯಜಮಾನರು. "ಆಮೇಲೆ ಇಕ್ಕಟ್ಟು ಅಂತ ನನ್ನನ್ನ ಬೈಕೋಬಾರದು."

ಕೂತು ನೋಡುವುದೆಂದರೆ ಟೇಪಣ್ಣನಿಗೆ ಪಂಚಪ್ರಾಣ. ಅಜ್ಜಿಯನ್ನು ಮುಂದಿನ ಸೀಟಿಗೆ ಇಳಿಸಿದ್ದಾಯಿತು. ವಾಕರ್ ಅಡ್ಡ ಬಂತು. ಅಕ್ಕ ಅದನ್ನು ಹಿಡಿದುಕೊಂಡಳು. ಹೆಂಡತಿ ತನ್ನ ಕೈಚೀಲ ಅಕ್ಕನಿಗೆ ಕೊಟ್ಟು ಹಿಂದೆ ಸರಿದು ಕೂತಳು. ದೊಡ್ಡವಳು ಪುಸ್ತಕದ ಚೀಲ ಕೊಟ್ಟಳು. ಲಂಬು ಅರ್ಧ ತಿಂದಿದ್ದ ಬನ್ನು ಕೊಟ್ಟು, ಕಾಲು ಮಡಚಿ, ತಲೆ ಬಗ್ಗಿಸಿ ಒಳಗೆ ತೂರಿದ. ಟೇಪಣ್ಣ ಚಾಲಕನ ಸೀಟಿನಲ್ಲಿ ಕೂತು ನಾಲ್ಕೂ ಬಾಗಿಲು ಹಾಕಿಸಿದ. ಕನ್ನಡಿಯಲ್ಲಿ ಹಿಂದೆ ನೋಡಿದ. ಭುಜಕ್ಕೆ ಭುಜ, ತಲೆಗೆ ತಲೆ, ಎಲ್ಲ ಸರಿಯಾಗಿತ್ತು.

"ಮನೆಮಂದಿಗೆಲ್ಲ ಸರಿಹೋಯ್ತಾ?" ಎಂದು ಯಜಮಾನರು ಕಿಟಕಿಯಿಂದ ಬಗ್ಗಿ ಕೇಳಿದರು.

"ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಸಾರ್."

ಯಜಮಾನರು ನಕ್ಕರು. ಅಕ್ಕನೂ ನಕ್ಕಳು. ಅವಳು ಕಾರಿನ ಬಾಲದ ಹತ್ತಿರ ಒಂದು ಕೈಯಲ್ಲಿ ವಾಕರ್, ಭುಜಕ್ಕೆರಡು ಚೀಲ, ಇನ್ನೊಂದು ಕೈಯಲ್ಲಿ ಬನ್ನು ಹಿಡಿದು ನಿಂತಿದ್ದಳು. ಆರು ಜನರ ಮನೆಯವರು ಐದು ಸೀಟಿನ ಕಾರಿನಲ್ಲಿ ಕೂತು ಸರಿಹೋಯಿತು ಎಂದು ತೀರ್ಮಾನಿಸಿದ್ದು ಹೀಗೆ. ಯಾರೂ ಮೋಸ ಮಾಡಲಿಲ್ಲ. ಯಾರಿಗೂ ಹೊಳೆಯಲೇ ಇಲ್ಲ, ಅಷ್ಟೇ. ಅಕ್ಕನಿಗೂ ಹೊಳೆಯಲಿಲ್ಲವೆಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕಾಗದಪತ್ರ ಬದಲಾಯಿಸಿ ಕಾರು ಮನೆಗೆ ತಂದ ವಾರ ಸಂಭ್ರಮವೋ ಸಂಭ್ರಮ. ಮೊದಲ ಸವಾರಿ ಹೆಂಡತಿಯ ಅಣ್ಣನ ಮನೆಗೆ. ಆಗಲೇ ಗೊತ್ತಾದದ್ದು.

"ಅಡ್ಜಸ್ಟ್ ಮಾಡ್ಕೊಳ್ಳೋಣ ಬಾ ಅಕ್ಕ," ಎಂದ ಟೇಪಣ್ಣ. ಹಿಂದಿನ ಸೀಟಿನಲ್ಲಿ ನಾಲ್ಕು ಜನ ತುರುಕಿಕೊಂಡರು. ಲಂಬುವಿನ ಮೊಣಕಾಲು ಮುಂದಿನ ಸೀಟಿಗೆ ಒತ್ತಿ, ಅದು ಅಜ್ಜಿಯ ಸೊಂಟಕ್ಕೆ ತಾಗಿ, ಅಜ್ಜಿ ಪ್ರತಿ ಗುಂಡಿಗೂ ಕೂಗಿಕೊಂಡಳು. ದೊಡ್ಡ ರಸ್ತೆಯಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ.

"ಐದು ಸೀಟಿನ ಗಾಡೀಲಿ ಎಷ್ಟು ಜನ ಸ್ವಾಮಿ?"

"ಮನೆಯವರೇ ಸಾರ್."

"ಮನೆಯವರು ಅಂದ್ರೆ ಗಾಡಿ ಹಿಗ್ಗುತ್ತಾ?"

ದಂಡ ಕಟ್ಟಿದ್ದಾಯಿತು. ಅದಕ್ಕಿಂತ ಹೆಚ್ಚಾಗಿ ಟೇಪಣ್ಣನಿಗೆ ಚುಚ್ಚಿದ್ದು ಅಳತೆಯ ವಿಷಯದಲ್ಲಿ ಇನ್ನೊಬ್ಬನಿಂದ ಮಾತು ಕೇಳಬೇಕಾಗಿ ಬಂದದ್ದು. ಮನೆಗೆ ಬಂದವನೇ ಕಡ್ಡಿ ಮುರಿದಂತೆ ಹೇಳಿದ: "ಇನ್ನು ಮೇಲೆ ಐದು ಸೀಟು, ಐದೇ ಜನ."

"ನನಗೇನು, ನಾನು ಮನೇಲಿರ್ತೀನಿ. ನೀವು ಹೋಗಿಬನ್ನಿ," ಎಂದಳು ಅಕ್ಕ. ಅವಳು ಅದನ್ನು ಎಷ್ಟು ಹಗುರವಾಗಿ ಹೇಳಿದಳೆಂದರೆ, ಎಲ್ಲರಿಗೂ ಅದು ಅವಳ ಇಷ್ಟವೆಂದೇ ಕೇಳಿಸಿತು. ಕೇಳಿಸಿಕೊಳ್ಳುವವರಿಗೂ ಹಾಗೇ ಕೇಳಿಸಬೇಕಿತ್ತು.

ಆಮೇಲಿನ ಭಾನುವಾರಗಳು ಹಾಗೇ ಕಳೆದವು. ಒಮ್ಮೆ ಅಣ್ಣನ ಮನೆ, ಒಮ್ಮೆ ಊರಾಚೆಯ ತೋಟ, ಒಮ್ಮೆ ಸುಮ್ಮನೆ ದೊಡ್ಡ ರಸ್ತೆಯಲ್ಲಿ ಒಂದು ಸುತ್ತು. ಬೆಳಿಗ್ಗೆ ಅಕ್ಕ ಮೊಟ್ಟೆ ಬೇಯಿಸಿ, ಬ್ರೆಡ್ಡಿಗೆ ಬೆಣ್ಣೆ ಸವರಿ, ಫ್ಲಾಸ್ಕಿಗೆ ಟೀ ತುಂಬಿ ಕಾರಿನೊಳಗಿಡುವಳು. ಗೇಟು ತೆಗೆಯುವಳು, "ಬರಲಿ, ಬರಲಿ, ಎಡಕ್ಕೆ," ಎಂದು ಕೈಸನ್ನೆ ಮಾಡಿ ಕಾರನ್ನು ಬೀದಿಗೆ ಕಳಿಸಿ, ಗೇಟು ಹಾಕಿ ಒಳಗೆ ಹೋಗುವಳು. ಸಂಜೆ ಅವರು ಬರುವ ಹೊತ್ತಿಗೆ ಅನ್ನ, ಬೇಳೆಸಾರು ಬಿಸಿಯಾಗಿರುತ್ತಿದ್ದವು. ಸೋಮವಾರ ಕಾರಿನ ಮ್ಯಾಟುಗಳನ್ನು ಒಗೆದು ತಂತಿಗೆ ಹಾಕುತ್ತಿದ್ದವಳೂ ಅವಳೇ.

ಅಷ್ಟರಲ್ಲಿ ಕಾರಿನೊಳಗಿನವರಿಗೆ ತಕರಾರುಗಳು ಶುರುವಾಗಿದ್ದವು.

"ಯಾವಾಗ್ಲೂ ಅಜ್ಜಿನೇ ಮುಂದೆ. ನನಗೆ ಹಿಂದೆ ಕೂತ್ರೆ ವಾಂತಿ ಬರುತ್ತೆ," ಎಂದು ಹೆಂಡತಿ.

"ಹಾಗಾದ್ರೆ ನನ್ನನ್ನ ಡಿಕ್ಕಿಗೆ ಹಾಕು. ಸಾಮಾನು ತಾನೇ ನಾನು," ಎಂದು ಅಜ್ಜಿ.

"ನಡುವೆ ನಾನೇ ಯಾಕೆ ಕೂರ್ಬೇಕು? ಲಂಬು ಕೂರ್ಲಿ," ಎಂದು ದೊಡ್ಡವಳು.

"ನಾನು ನಡುವೆ ಕೂತ್ರೆ ಅಪ್ಪಂಗೆ ಗೇರ್ ಬದಲು ನನ್ನ ಮೊಣಕಾಲು ಸಿಗುತ್ತೆ," ಎಂದು ಲಂಬು.

ಸೀಟು ಇದ್ದವರಿಗೆಲ್ಲ ಒಂದೊಂದು ದೂರಿತ್ತು. ಸೀಟಿಲ್ಲದವಳು ಪಾತ್ರೆ ತೊಳೆಯುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

ಆಗ ಆಸ್ಪತ್ರೆಯಲ್ಲಿ ಒಂದು ಕಾರ್ಯಕ್ರಮ ಬಂತು. ಬಹಳ ವರ್ಷ ದುಡಿದವರನ್ನು ಕರೆದು ಗೌರವಿಸಿ ಮಧ್ಯಾಹ್ನದ ಊಟ ಹಾಕಿಸುವುದು ಅಲ್ಲಿಯ ಪದ್ಧತಿ. ಈ ಸಲ ಅಕ್ಕನ ಸರದಿ. ಮನೆಯವರನ್ನೆಲ್ಲ ಕರೆದುಕೊಂಡು ಬರಬೇಕೆಂದು ವಿಭಾಗದ ಮುಖ್ಯಸ್ಥೆ ಹೇಳಿದ್ದರು. ಅಕ್ಕ ಮೂರು ದಿನ ಅದನ್ನು ಹೇಳಲಿಲ್ಲ. ಹೇಳಿದಾಗಲೂ ಹಾಲು ತರಬೇಕು ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಆದರೆ ಹಿಂದಿನ ದಿನ ಎಲ್ಲರ ಬಟ್ಟೆಗೂ ಅವಳೇ ಇಸ್ತ್ರಿ ಹಾಕಿದಳು. ಲಂಬುವಿನ ಕಾಲರಿನ ಮೇಲೆ ಒಂದು ಸುಕ್ಕೂ ಉಳಿಯದಂತೆ ಎರಡು ಸಲ ಹಾಕಿದಳು.

ಬೆಳಿಗ್ಗೆ ಎಲ್ಲರೂ ಸಜ್ಜಾಗಿ ಕಾರಿನ ಹತ್ತಿರ ಬಂದರು. ಅಭ್ಯಾಸಬಲವೆಂಬುದು ಎಂಥ ಕುರುಡು ನೋಡಿ. ಅಜ್ಜಿ ಮುಂದೆ ಕೂತಳು, ಮೂವರು ಹಿಂದೆ ಕೂತರು, ಟೇಪಣ್ಣ ಸ್ಟೀರಿಂಗ್ ಹಿಡಿದ. ಅಕ್ಕ ಗೇಟು ತೆಗೆದು ನಿಂತಿದ್ದಳು.

"ಅತ್ತೆ ಬರಲ್ವಾ?" ಎಂದಳು ದೊಡ್ಡವಳು.

"ನೀವು ಹೋಗ್ತಿರಿ. ನಾನು ಬಸ್ಸಲ್ಲಿ ಹಿಂದೇನೇ ಬಂದ್ಬಿಡ್ತೀನಿ. ದಿನಾ ಹೋಗೋ ದಾರಿ ತಾನೇ."

ದೊಡ್ಡವಳು ಇಳಿಯಲು ಬಾಗಿಲಿಗೆ ಕೈ ಹಾಕಿದಳು. "ನೀನು ಇಳಿದ್ರೆ ನಿನಗೆ ದಾರಿ ಗೊತ್ತಿಲ್ಲ. ಹೊತ್ತಾಯ್ತು, ಕೂತ್ಕೋ," ಎಂದ ಟೇಪಣ್ಣ. ಕಾರು ಹೊರಟಿತು.

ಆಸ್ಪತ್ರೆಯ ಊಟದ ಹಾಲಿನಲ್ಲಿ ಮುಂದಿನ ಸಾಲು ಗೌರವ ಪಡೆಯುವವರ ಮನೆಯವರಿಗೆ. ಐವರೂ ಕೂತರು. ಅಕ್ಕನ ಹೆಸರು ಅಂಟಿಸಿದ್ದ ಕುರ್ಚಿ ವೇದಿಕೆಯ ಮೇಲೆ ಖಾಲಿಯಾಗಿತ್ತು. ರಸ್ತೆ ಅಗೆದಿದ್ದರಂತೆ, ಬಸ್ಸು ಸುತ್ತಿ ಬರುತ್ತಿತ್ತು. ದೊಡ್ಡ ಡಾಕ್ಟರು ಗಡಿಯಾರ ನೋಡಿಕೊಂಡರು. ಮುಖ್ಯಸ್ಥೆ ಟೇಪಣ್ಣನ ಹತ್ತಿರ ಬಂದು ಬಗ್ಗಿದರು.

"ಅಕ್ಕ ಎಲ್ಲಿ?"

"ಬರ್ತಿದ್ದಾಳೆ ಮೇಡಂ. ಬಸ್ಸಲ್ಲಿ."

"ನೀವು ಹೇಗೆ ಬಂದ್ರಿ?"

"ಕಾರಲ್ಲಿ."

ಮುಖ್ಯಸ್ಥೆ ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಟೇಪಣ್ಣ ಏನಾದರೂ ಸಬೂಬು ಹೇಳಬಹುದಿತ್ತು. ಅವರು ಸುಮ್ಮನೆ ಆ ಐವರನ್ನು ಒಂದು ಕಡೆಯಿಂದ ನೋಡಿಕೊಂಡು ಹೋದರು. ಹೆಂಡತಿ ಸೆರಗಿನಲ್ಲಿ ಏನೂ ಇಲ್ಲದಿದ್ದರೂ ಕೊಡವಿಕೊಂಡಳು. ಬೇರೆಯವರಿಗೆಲ್ಲ ಗೌರವ ಆಗಿ, ಜನ ಊಟಕ್ಕೆ ಏಳುವ ಹೊತ್ತಿಗೆ ಅಕ್ಕ ಬಂದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಬಾಗಿಲಿನಲ್ಲಿ ನಿಂತು, "ನಾನು ಆಮೇಲೆ ತಗೋತೀನಿ ಬಿಡಿ, ಎಲ್ಲರೂ ಊಟ ಮಾಡ್ಲಿ," ಎಂದಳು. ಬಟ್ಟೆ ವಿಭಾಗದ ಹೆಂಗಸರು ಅವಳನ್ನು ತಳ್ಳಿಕೊಂಡೇ ವೇದಿಕೆಗೆ ಹತ್ತಿಸಿದರು.

ಅಂದು ಸಂಜೆ ಊಟದ ಮೇಜಿನ ಮೇಲೆ ಮೀನು ಹುರಿದದ್ದಿತ್ತು. ಯಾರೂ ಕೈ ಹಾಕಿರಲಿಲ್ಲ.

"ನನಗೆ ನಾಚಿಕೆ ಆಯ್ತು," ಎಂದಳು ದೊಡ್ಡವಳು.

"ಏನಾಯ್ತೀಗ? ಬಸ್ಸು ಲೇಟಾಯ್ತು. ಅದಕ್ಕೆ ಯಾರೇನು ಮಾಡೋಕಾಗುತ್ತೆ?" ಎಂದ ಟೇಪಣ್ಣ.

"ಇವತ್ತು ಅತ್ತೇದು ಫಂಕ್ಷನ್ ಅಪ್ಪ. ನಿಮ್ದಲ್ಲ, ನಮ್ದಲ್ಲ."

"ಹಾಗಂತ ಆರು ಜನ ಕೂರೋಕಾಗುತ್ತಾ? ದಂಡ ಕಟ್ಟಿದ್ದು ಮರೆತೋಯ್ತಾ?"

"ದೊಡ್ಡ ಕಾರು ನೋಡ್ಬೇಕಿತ್ತು," ಎಂದಳು ಹೆಂಡತಿ, ತಟ್ಟೆ ನೋಡುತ್ತ.

ಇದು ಟೇಪಣ್ಣನಿಗೆ ನಾಟಿತು. "ನೋಡ್ಬೇಕಿತ್ತು ಅಂದ್ರೆ? ನೋಡಿಯೇ ತಾನೇ ತಗೊಂಡಿದ್ದು! ಅವತ್ತು ಎಲ್ಲರನ್ನೂ ಕೂರಿಸಿ, ಬಾಗಿಲು ಹಾಕಿಸಿ, ಅಳತೆ ನೋಡಿದ್ದೀನಿ. ಎಲ್ಲರೂ ಕೂತಿದ್ವಲ್ಲ! ಯಾರಿಗಾದ್ರೂ ಇಕ್ಕಟ್ಟಾಯ್ತಾ ಅವತ್ತು?"

"ನಾನು ಕೂತಿರಲಿಲ್ಲ," ಎಂದಳು ಅಕ್ಕ.

ಟೇಪಣ್ಣ ತಿರುಗಿ ಅವಳ ಕಡೆ ನೋಡಿದ.

"ನಿಮ್ಮ ಚೀಲ ಎಲ್ಲ ಹಿಡ್ಕೊಂಡು ಹೊರಗೆ ನಿಂತಿದ್ದೆ. ನೀನು ಕನ್ನಡೀಲಿ ಹಿಂದೆ ನೋಡಿದ್ಯಲ್ಲ, ಆ ಕನ್ನಡೀಲಿ ನಾನೂ ಕಾಣ್ತಿದ್ದೆ. ಗಾಜಿನ ಆಚೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎದುರು ಮಾತನಾಡಬಹುದಿತ್ತು. ಟೇಪಣ್ಣ ಆ ದಿನವನ್ನು ತಲೆಯೊಳಗೆ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದ. ವಾಕರ್ ನೆನಪಾಯಿತು, ಚೀಲಗಳು ನೆನಪಾದವು, ಬನ್ನು ನೆನಪಾಯಿತು. ಅವುಗಳನ್ನು ಹಿಡಿದಿದ್ದ ಕೈಗಳು ಕೊನೆಗೆ ನೆನಪಾದವು.

"ಅವತ್ತೇ ಹೇಳ್ಬೇಕಿತ್ತು ಕಣೇ," ಎಂದಳು ಅಜ್ಜಿ.

"ಹೌದಮ್ಮ. ನಂದೂ ತಪ್ಪೇ. ಯಾರಾದ್ರೂ ಒಬ್ಬರು ಕೇಳ್ತಾರೆ ಅಂತ ಕಾದೆ. ಆಮೇಲೆ ಕಾಯೋದೇ ಅಭ್ಯಾಸ ಆಗೋಯ್ತು." ಅಕ್ಕ ಮೀನಿನ ತುಂಡೊಂದನ್ನು ಲಂಬುವಿನ ತಟ್ಟೆಗೆ ಹಾಕಿದಳು. "ಈಗ ಕಾರು ಬದಲಾಯಿಸೋದೇನೂ ಬೇಡ. ನಾನು ಡ್ರೈವಿಂಗ್ ಕಲೀತೀನಿ."

ಲಂಬು ಫಕ್ಕನೆ ನಕ್ಕು, ದೊಡ್ಡವಳ ಕೈಯಿಂದ ಪೆಟ್ಟು ತಿನ್ನುವ ಮೊದಲೇ ನಗು ನುಂಗಿಕೊಂಡ. "ಈ ವಯಸ್ಸಲ್ಲಾ?" ಎಂದಳು ಅಜ್ಜಿ. ಹೆಂಡತಿ ಮಾತ್ರ ಅತ್ತಿಗೆಯನ್ನು ಕಣ್ಣರಳಿಸಿ ನೋಡಿದಳು. ಅವಳು ಬುದ್ಧಿವಂತೆ, ಅವಳಿಗೆ ಆಗಲೇ ಅರ್ಥವಾಗಿತ್ತು. ಯಾರನ್ನು ಬಿಟ್ಟು ಹೋದರೂ ಓಡಿಸುವವರನ್ನು ಬಿಟ್ಟು ಕಾರು ಹೋಗುವುದಿಲ್ಲ.

ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಒಂದು ಡ್ರೈವಿಂಗ್ ಸ್ಕೂಲಿತ್ತು. ಅಕ್ಕ ಕೆಲಸ ಮುಗಿಸಿಕೊಂಡು ಅಲ್ಲಿಗೆ ಹೋಗತೊಡಗಿದಳು. ಕಲಿಸುವ ಮೇಷ್ಟ್ರು ಕೊರಳಿಗೆ ಟವೆಲ್ ಸುತ್ತಿಕೊಂಡ ದಪ್ಪ ಮನುಷ್ಯ, ದನಿ ಇನ್ನೂ ದಪ್ಪ. ಕ್ಲಚ್ಚು, ಗೇರು, ಬ್ರೇಕು ಅಕ್ಕನಿಗೆ ಬೇಗ ಬಂದವು. ರಸ್ತೆ ಬರಲಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ಅವಳು ಸೈಕಲ್ಲಿನವನಿಗೆ ದಾರಿ ಬಿಟ್ಟಳು, ತಳ್ಳುಗಾಡಿಗೆ ಬಿಟ್ಟಳು, ಬಸ್ಸಿಗೆ ಬಿಟ್ಟಳು, ಇನ್ನೂ ದೂರದಲ್ಲಿದ್ದ ಲಾರಿಗೂ ಬಿಡಲು ನಿಂತಳು. ಹಿಂದಿನ ಗಾಡಿಗಳೆಲ್ಲ ಹಾರನ್ ಒತ್ತತೊಡಗಿದವು.

"ಯಾಕಮ್ಮ ನಿಂತಿದ್ದೀರಿ?"

"ಅವರು ಹೋಗಿಬಿಡ್ಲಿ ಅಂತ."

"ಎಲ್ಲರೂ ಹೋದ್ಮೇಲೆ ನೀವು ಹೋಗೋದಾದ್ರೆ ನಾಳೆ ಬೆಳಿಗ್ಗೆ ಆಗುತ್ತೆ. ನೀವೂ ರಸ್ತೇಲಿ ಇದ್ದೀರಮ್ಮ! ನಿಮಗೂ ಸರದಿ ಬರುತ್ತೆ. ಬಂದಾಗ ತಗೋಬೇಕು!"

ಪರೀಕ್ಷೆಯಲ್ಲಿ ಮೊದಲ ಸಲ ಅವಳು ಫೇಲಾದದ್ದೂ ಹೀಗೆಯೇ, ಕೂಡುರಸ್ತೆಯಲ್ಲಿ ನಿಂತವಳು ಹೊರಡಲೇ ಇಲ್ಲ. ಮನೆಗೆ ಬಂದು ಏನೂ ಹೇಳದೆ ಆಲೂಗಡ್ಡೆ ಹೆಚ್ಚುತ್ತ ಕೂತಳು. ಒಂದು ಹನಿ ಕಣ್ಣೀರು ಮಣೆಯ ಮೇಲೆ ಬಿತ್ತು. ಆಲೂಗಡ್ಡೆ ಹೆಚ್ಚಿದರೆ ಯಾರಿಗೂ ಕಣ್ಣೀರು ಬರುವುದಿಲ್ಲವಾದ್ದರಿಂದ ಹೆಂಡತಿಗೆ ಗೊತ್ತಾಗಿಹೋಯಿತು. ಅವಳು ಟೇಪಣ್ಣನನ್ನು ಹುಡುಕಿಕೊಂಡು ಹೋದಳು.

"ನಾಳೆಯಿಂದ ಬೆಳಿಗ್ಗೆ ಅತ್ತಿಗೇನ ಕರ್ಕೊಂಡು ನಮ್ಮ ಕಾರಲ್ಲಿ ಪ್ರಾಕ್ಟೀಸ್ ಮಾಡಿಸಿ."

"ಕ್ಲಚ್ಚು ಸುಟ್ಟುಹಾಕ್ತಾಳೆ. ಸೆಕೆಂಡ್ ಹ್ಯಾಂಡ್ ಗಾಡಿ..."

"ನಾನು ಈ ಮನೆಗೆ ಬಂದಾಗಿಂದ ಬೆಳಿಗ್ಗೆ ಟೀ ಅವರ ಕೈಯಿಂದ ಕುಡಿದಿದ್ದೀನಿ. ನೀವು ಅದಕ್ಕೂ ಮೊದಲಿಂದ ಕುಡಿದಿದ್ದೀರಿ. ಕ್ಲಚ್ಚು ಸುಡ್ಲಿ ಬಿಡಿ."

ಹೀಗೆ ಟೇಪಣ್ಣ ಪಕ್ಕದ ಸೀಟಿಗೆ ಬಂದ. ಪರವಾನಗಿ ಇರುವವರು ಪಕ್ಕದಲ್ಲಿರಲೇಬೇಕು ಎಂಬ ನಿಯಮ ಬೇರೆ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಅಕ್ಕ ಓಡಿಸಿದರೆ ಅವನು ತನ್ನ ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ, ಬಾಗಿಲಿನ ಹಿಡಿ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದ.

"ನೀನು ಹಾಗೆ ಮಾಡಿದ್ರೆ ನನಗೂ ಭಯ ಆಗುತ್ತೆ ಕಣೋ."

"ನಾನೇನೂ ಮಾಡ್ತಿಲ್ಲ. ಮುಂದೆ ನೋಡು, ಮುಂದೆ!"

"ಚಿಕ್ಕವನಿದ್ದಾಗ ನಿನಗೆ ಸೈಕಲ್ ಕಲಿಸಿದ್ದು ನಾನು. ಒಂದು ಸಲವಾದ್ರೂ ಕಿರುಚಿದ್ನಾ?"

ಇಲ್ಲ, ಕಿರುಚಿರಲಿಲ್ಲ. ಸೀಟು ಹಿಡಿದುಕೊಂಡು ಹಿಂದೆ ಓಡಿಬರುತ್ತಿದ್ದಳು. ಟೇಪಣ್ಣ ಬಾಗಿಲಿನ ಹಿಡಿ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಕೂಡುರಸ್ತೆ ಬಂತು. ಎಡಗಡೆಯಿಂದ ಹಾಲಿನ ವ್ಯಾನು ಬರುತ್ತಿತ್ತು, ದೂರ ಇತ್ತು. ಅಕ್ಕ ನಿಧಾನ ಮಾಡಿದಳು. "ಹೋಗು ಅಕ್ಕ. ನಿಂದೇ ಸರದಿ," ಎಂದ ಅವನು, ಮೆತ್ತಗೆ. ಅವಳು ಹೋದಳು.

ಎರಡನೆಯ ಸಲ ಪಾಸಾದಳು. ಆ ಭಾನುವಾರ ಎಲ್ಲರೂ ಕೆರೆಯ ದಂಡೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಹೆಂಡತಿಯ ಅಣ್ಣನ ಮನೆಯವರೂ ಅಲ್ಲಿಗೇ ಬರುವವರಿದ್ದರು.

ಬೆಳಿಗ್ಗೆ ಟೇಪಣ್ಣ ಬೂಟು ಹಾಕಿಕೊಂಡು ಹೊರಗೆ ಬಂದರೆ ಅಕ್ಕ ಚಾಲಕನ ಸೀಟಿನಲ್ಲಿದ್ದಳು. ಸೀಟನ್ನು ಮುಂದಕ್ಕೆ ಎಳೆದುಕೊಂಡು ಕನ್ನಡಿಯನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡಿದ್ದಳು. ಅಜ್ಜಿ ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡು ಕೂತಾಗಿತ್ತು. ಉಳಿದ ಜಾಗ ಹಿಂದಿನ ಮೂರು. ಉಳಿದ ಜನ ನಾಲ್ವರು.

ನಾಲ್ವರೂ ಕಾರಿನ ಸುತ್ತ ನಿಂತರು.

"ಲಂಬು ಮನೇಲಿರ್ಲಿ. ಅವನಿಗೆ ಪರೀಕ್ಷೆ ಹತ್ತಿರ ಬಂತು," ಎಂದ ಟೇಪಣ್ಣ.

"ಮಾವ ನನಗೆ ಈಜು ಕಲಿಸ್ತೀನಿ ಅಂದಿದ್ದಾರೆ! ಅಕ್ಕ ಇರ್ಲಿ," ಎಂದ ಲಂಬು, ದೊಡ್ಡವಳನ್ನು ತೋರಿಸಿ.

"ನಾನ್ಯಾಕೆ? ಹುಡುಗಿ ಅಂತಾನಾ?" ಎಂದಳು ಅವಳು.

"ನನ್ನ ಅಣ್ಣನ್ನ ನೋಡೋಕೆ ನಾನೇ ಹೋಗದಿದ್ರೆ ಹೇಗೆ?" ಎಂದಳು ಹೆಂಡತಿ.

"ನಾನೇ ಇಳಿದುಬಿಡ್ತೀನಿ. ಮುದುಕಿಗೆ ಕೆರೆ ಯಾಕೆ?" ಎಂದಳು ಅಜ್ಜಿ, ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತ.

ಟೇಪಣ್ಣ ಕಿಟಕಿಗೆ ಬಗ್ಗಿದ. "ಅಕ್ಕ, ಹೀಗೆ ಮಾಡೋಣ. ಇವತ್ತು ಅಷ್ಟು ದೂರ ಮೊದಲ ಸಲ. ನಾನು ಓಡಿಸ್ತೀನಿ, ನೀನು ಮುಂದಿನ ವಾರ..."

"ಇಲ್ಲ," ಎಂದಳು ಅಕ್ಕ. "ನಾನು ಇಳಿಯಲ್ಲ ಕಣೋ. ನನಗೂ ಕೆರೆ ನೋಡ್ಬೇಕು. ನನಗೂ ಆಸೆ ಇದೆ. ಇದನ್ನ ಬಾಯಿಬಿಟ್ಟು ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು. ಒಬ್ಬರು ಇರ್ಬೇಕಾಗುತ್ತೆ, ಅದು ನಿಜ. ಯಾರು ಅಂತ ನೀವೇ ಮಾತಾಡ್ಕೊಳ್ಳಿ. ನಾನು ಕಾಯ್ತೀನಿ."

ಟೇಪಣ್ಣ ಕೈಯಲ್ಲಿದ್ದ ಬುಟ್ಟಿಯನ್ನು ಹೆಂಡತಿಗೆ ಕೊಟ್ಟು, ಹೋಗಿ ಗೇಟು ತೆಗೆದ.

ಕಾರು ಬೀದಿ ತಿರುವು ದಾಟುವವರೆಗೂ ಅವನು ನಿಂತಿದ್ದ. ಒಳಗೆ ಬಂದರೆ ಮನೆ ಎಷ್ಟು ದೊಡ್ಡದು ಎನಿಸಿತು. ಅದರ ಪ್ರತಿ ಗೋಡೆಯ ಅಳತೆಯೂ ಅವನಿಗೆ ಬಾಯಿಪಾಠವಾಗಿತ್ತು, ಆದರೂ. ಬ್ರೆಡ್ಡು ತಿಂದ. ಪತ್ರಿಕೆ ಓದಿದ. ಮಧ್ಯಾಹ್ನ ಅನ್ನಕ್ಕಿಟ್ಟು ತಳ ಹಿಡಿಸಿದ. ಯಾರಾದರೂ ಫೋನ್ ಮಾಡುತ್ತಾರೇನೋ ಎಂದು ಫೋನನ್ನು ಅಡಿಗೆಮನೆಗೂ ಒಯ್ದ. ಯಾರೂ ಮಾಡಲಿಲ್ಲ. ಅವರಿಗೆ ಅವನ ಮೇಲೇನೂ ಕೋಪವಿರಲಿಲ್ಲ. ಕೆರೆಯ ದಂಡೆಯಲ್ಲಿ ಸುಖವಾಗಿದ್ದವರಿಗೆ ಮನೆಯಲ್ಲಿದ್ದವನ ನೆನಪು ಬರಬೇಕಾದ ಕಾರಣವಿರಲಿಲ್ಲ. ಅದು ಅವನಿಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಅವನಿಗೆ ಅಳು ಬಂದಂತಾಯಿತು.

ಸಂಜೆ ಹಾರನ್ ಕೇಳಿ ಗೇಟಿಗೆ ಓಡಿದ. ಕಾರಿನೊಳಗಿಂದ ನಗು ಬೀದಿಗೇ ಕೇಳಿಸುತ್ತಿತ್ತು. ಲಂಬುವಿನ ಕೂದಲು ಒದ್ದೆ, ಅಜ್ಜಿಯ ಮಡಿಲ ತುಂಬ ಕಾಡು ಹೂವು, ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಏನು? ಏನಾಯ್ತು?" ಎಂದ ಟೇಪಣ್ಣ, ತಾನೂ ನಗಲು ಸಿದ್ಧನಾಗಿ.

"ಅಯ್ಯೋ, ಅದು ಆ ಬಾತುಕೋಳಿ... ಅಜ್ಜಿ ವಾಕರ್... ಮಾವ..." ದೊಡ್ಡವಳಿಗೆ ಮಾತು ಪೂರ್ತಿ ಮಾಡಲಾಗಲಿಲ್ಲ. "ಹೇಳಿದ್ರೆ ಗೊತ್ತಾಗಲ್ಲ ಅಪ್ಪ, ನೀವು ಅಲ್ಲಿ ಇರ್ಬೇಕಿತ್ತು!"

ಎಲ್ಲರೂ ನಗುತ್ತಲೇ ಒಳಗೆ ಹೋದರು. ಒಬ್ಬರು ಬಚ್ಚಲಿಗೆ, ಒಬ್ಬರು ಟಿವಿಗೆ, ಒಬ್ಬರು ಹಾಸಿಗೆಗೆ. ಟೇಪಣ್ಣ ಮುಖದ ಮೇಲೆ ಅರ್ಧ ನಗು ಇಟ್ಟುಕೊಂಡು ಗೇಟು ಹಾಕಿದ. ಅಡಿಗೆಮನೆಗೆ ಬಂದು ಟೀಗೆ ನೀರಿಟ್ಟ, ತನಗೆ ಬೇಕೆಂದಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು.

ಅಕ್ಕ ಕಾರಿಗೆ ಬೀಗ ಹಾಕಿ ಬಂದಳು. ತಳ ಹಿಡಿದ ಅನ್ನದ ಪಾತ್ರೆ ನೋಡಿದಳು, ತಮ್ಮನ ಬೆನ್ನು ನೋಡಿದಳು. ಒಂದು ಸ್ಟೂಲು ಎಳೆದುಕೊಂಡು ಅವನೆದುರು ಕೂತಳು. ಇನ್ನೊಂದನ್ನು ಅವನ ಕಡೆಗೆ ಕಾಲಿನಿಂದ ಸರಿಸಿದಳು.

"ಕೂತ್ಕೋ," ಎಂದಳು. "ಎಲ್ಲ ಹೇಳ್ತೀನಿ."

"ನಿನಗೆ ಸುಸ್ತಾಗಿರುತ್ತೆ ಅಕ್ಕ. ಅಷ್ಟು ದೂರ ಓಡಿಸಿದ್ದೀಯ."

"ಆಗಿದೆ. ಆದ್ರೂ ಹೇಳ್ತೀನಿ. ಮನೇಲಿ ಉಳಿದವರಿಗೆ ಯಾರಾದ್ರೂ ಕೂತು ಹೇಳ್ಬೇಕು ಕಣೋ. ಇಲ್ಲಾಂದ್ರೆ ಬೇಜಾರಾಗುತ್ತೆ."

ಇಷ್ಟು ಭಾನುವಾರಗಳಲ್ಲಿ ಅವಳನ್ನು ಹೀಗೆ ಕೂರಿಸಿಕೊಂಡು ಯಾರೂ ಏನೂ ಹೇಳಿರಲಿಲ್ಲ. ಅದನ್ನು ಅವಳು ಆಡಿ ತೋರಿಸಲಿಲ್ಲ. ಟೇಪಣ್ಣ ಸ್ಟೂಲಿನ ಮೇಲೆ ಕೂತ. ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ಅಕ್ಕನೆದುರು ತಾನೇ.

"ಮೊದಲಿಂದ ಹೇಳು," ಎಂದ. "ಒಂದೂ ಬಿಡ್ಬೇಡ."

ಅಕ್ಕ ಟೀ ಸೋಸಿ ಎರಡು ಲೋಟಕ್ಕೆ ಹಾಕಿದಳು, ಸೀಟಿನಲ್ಲಿ ಕೂತು ಕೂತು ಹಿಡಿದಿದ್ದ ಬೆನ್ನು ನೆಟ್ಟಗೆ ಮಾಡಿಕೊಂಡಳು, ಬೀದಿ ತಿರುವಿನಲ್ಲಿ ಎದುರಿಗೆ ಬಂದ ಕಸದ ಲಾರಿಯಿಂದ ಶುರು ಮಾಡಿದಳು.